ನಾಲ್ಕು ಬೆರಳು ನೀರು

ಬಂದರು ಕಚೇರಿಯಲ್ಲಿ ಅವಳನ್ನು ಎಲ್ಲರೂ ದಶಾಂಶಮ್ಮ ಎಂದೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡುವ ಹೆಂಗಸು. ಸಮುದ್ರ ದಿನವೂ ಏರಿದ್ದರ ಸರಾಸರಿ ತೆಗೆದು, ಇದೇ ಉಬ್ಬರದ ಗೆರೆ, ಇದರಾಚೆ ಯಾರೂ ಕಟ್ಟುವಂತಿಲ್ಲ ಎಂದು ಹೇಳುವುದು ಅವಳ ಕೆಲಸ. ಚಂದ್ರ ತನ್ನ ಚಾಳಿಗಳನ್ನೆಲ್ಲ ತೋರಿಸಿ ಮುಗಿಸಲು ಹತ್ತೊಂಬತ್ತು ವರ್ಷ ಹಿಡಿಯುವುದರಿಂದ ಅಷ್ಟೂ ವರ್ಷಗಳ ಅಳತೆ ಬೇಕು. ಅಷ್ಟನ್ನೂ ಓದಿದವನು ಅವಳ ಸೋದರಮಾವ.

ದೋಣಿಗಳು ನಿಲ್ಲುವ ಧಕ್ಕೆಯ ಕಂಬಕ್ಕೆ ಹೊಡೆದ ಅಳತೆಪಟ್ಟಿ ನೋಡಿ ನೀರಿನ ಮಟ್ಟ ಬರೆದುಕೊಳ್ಳುವುದು ಮಾವನ ಕೆಲಸ. ಜ್ವರ ಬಂದರೂ ತಪ್ಪಿಸಿದವನಲ್ಲ. ಈಗ ಅವನಿಗಿದ್ದದ್ದು ಒಂದೇ ಆಸೆ: ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲು ಒದ್ದಾಡುವ ಅತ್ತೆಗೆ ಕೆಳಗೊಂದು ಮಲಗುವ ಕೋಣೆ. ಪಡಸಾಲೆಯಲ್ಲಿ ಮಂಚ ಹಾಕೋಣವೆಂದರೆ ಬಂದವರು ಏನಂದಾರು ಎಂಬ ಬಿಗುಮಾನ. ಉಳಿದದ್ದು ಮನೆಯ ಸಮುದ್ರದ ಬದಿಯ ಜಾಗ. ಅಲ್ಲಿ ಪಾಯಕ್ಕೆ ಕಲ್ಲು ತರಿಸಿ, ದಶಾಂಶಮ್ಮ ಎಳೆಯಲಿದ್ದ ಹೊಸ ಗೆರೆಗಾಗಿ ಕಾಯುತ್ತಿದ್ದ. ಕಿಟಕಿ ಎಲ್ಲಿರಬೇಕೆಂದು ಅತ್ತೆ ಬೆರಳಿಟ್ಟು ತೋರಿಸಿಯೂ ಆಗಿತ್ತು.

"ನನ್ನ ಅಳತೆ ಪ್ರಕಾರ ಕೋಣೆ ಕಟ್ಟಿದ ಮೇಲೂ ಇನ್ನೂ ಎರಡು ಹೆಜ್ಜೆ ಮಿಗುತ್ತೆ," ಎಂದು ಮಾವ ಮೀಸೆ ತಿರುವುತ್ತಿದ್ದ.

ಮಿಗುತ್ತಲೂ ಇತ್ತು. ಆದರೆ ಕಳೆದ ವರ್ಷ ಧಕ್ಕೆಯಲ್ಲಿ ಹೊಸ ಯಂತ್ರ ಕೂರಿಸಿದ್ದರು. ಕೊಳವೆಯೊಳಗೆ, ಅಲೆ ತಾಗದ ನೀರಿನ ಮೇಲೆ ತೇಲುವ ಬುರುಡೆಯೊಂದು ಮಟ್ಟ ಹೇಳುತ್ತಿತ್ತು. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮಾವನದ್ದು ನಾಲ್ಕು ಬೆರಳು ಕಡಿಮೆ. ಕಣ್ತಪ್ಪಾಗಿದ್ದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕಿತ್ತು. ಇದು ಯಾವಾಗಲೂ ಕಡಿಮೆಯೇ. ನಾಲ್ಕು ಬೆರಳೆಂದರೆ ಏನು ಮಹಾ ಎನ್ನಬೇಡಿ. ಅಷ್ಟು ಏರಿಸಿದರೆ ಆ ಸಪಾಟು ಮರಳಿನಲ್ಲಿ ಗೆರೆ ಸರಿದು ಅತ್ತೆಯ ಕೋಣೆಯ ನಟ್ಟನಡುವೆ ನಿಲ್ಲುತ್ತಿತ್ತು. ಯಂತ್ರ ಕೆಟ್ಟಿರಲಪ್ಪಾ ಎಂದು ದಶಾಂಶಮ್ಮ ಮನಸಾರೆ ಹಾರೈಸಿ ಪರೀಕ್ಷೆ ಮಾಡಿಸಿದಳು. ಕೆಟ್ಟಿರಲಿಲ್ಲ.

ಮರುದಿನ ಮಾವನ ಜೊತೆ ಧಕ್ಕೆಗೆ ಹೋದಳು. ಮಾವ ಕಂಬದೆದುರು ಕುಕ್ಕರುಗಾಲಲ್ಲಿ ಕೂತ. ಅಲೆ ಬಂದು ಅಂಕಿಗಳನ್ನು ಮುಚ್ಚಿತು. ಅದು ಜಾರುವವರೆಗೆ ಕಾದು, ಅಂಕಿ ತೊಳೆದಿಟ್ಟ ತಟ್ಟೆಯಂತೆ ಹೊಳೆದಾಗ ಬರೆದುಕೊಂಡ.

"ಅಲೆ ಏರಿದಾಗ ಯಾಕೆ ಓದಲ್ಲ, ಮಾವ?"

"ಅದು ಬಂದು ಹೋಗೋ ನೀರು ಕಣೇ. ಶಾಂತವಾದ ಮೇಲೆ ತಾನೆ ಓದಬೇಕು?"

"ಇಳಿದಿದ್ದೂ ಶಾಂತ ಅಲ್ಲ, ಮಾವ. ಏರಿದ್ದನ್ನೂ ನೋಡಬೇಕು, ಇಳಿದಿದ್ದನ್ನೂ ನೋಡಬೇಕು. ಎರಡರ ನಡುವಿನದ್ದೇ ಮಟ್ಟ."

ಚಿಕ್ಕವಳಿದ್ದಾಗ ಅವಳು ಅಂಕಿ ಕಲಿತದ್ದೇ ಈ ಪಟ್ಟಿಯ ಮೇಲೆ, ಈ ಮಾವನ ಹೆಗಲೇರಿ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುವವರಿರಲಿಲ್ಲ. ಆದರೂ ಹೇಳಿದಳು. "ಎಲ್ಲಾ ವರ್ಷದ್ದೂ ನಾಲ್ಕು ಬೆರಳು ಕಮ್ಮಿ ಬಂದಿದೆ. ಗೆರೆ ಅತ್ತೆ ಕೋಣೆ ಒಳಗೆ ಹೋಗುತ್ತೆ."

ಮಾವ ಮತ್ತೆ ಪಟ್ಟಿಯತ್ತ ಬಾಗಿದ. ಇನ್ನೊಂದು ಅಲೆ ಏರಿತು, ಇಳಿಯಿತು.

"ಎಲ್ಲಿ ಬರುತ್ತೋ ಅಲ್ಲೇ ಎಳಿ," ಎಂದ.

ಸಂಜೆ ಅತ್ತೆಗೆ ವಿಷಯ ತಿಳಿಸಿದಾಗ ಅವಳು ಕಿಟಕಿಯ ಮಾತೆತ್ತಲಿಲ್ಲ, ನಕ್ಕುಬಿಟ್ಟಳು. "ನಿನ್ ಮಾವ ಎಲ್ಲದರಲ್ಲೂ ಹಾಗೇ. ನನ್ನ ಸಿಟ್ಟು ಇಳಿಯೋವರೆಗೂ ಕಾದು, ಆಮೇಲೆ ಬಂದು ನೋಡ್ತಾರೆ. ನೋಡಿ, ಇವಳಿಗೆ ಸಿಟ್ಟೇ ಬರಲ್ಲ ಅಂತ ಊರಿಗೆಲ್ಲ ಹೇಳ್ತಾರೆ."

ಆಮೇಲೆ ಮಲಗಲು ಮೆಟ್ಟಿಲ ಕಡೆ ಹೊರಟಳು. ದಿನವೂ ಮಾವ ಅವಳು ಮೇಲೆ ಹೋಗಿ ಸುಧಾರಿಸಿಕೊಂಡ ಮೇಲೆ ಹಿಂದಿನಿಂದ ಹತ್ತಿ, "ನೋವಿದ್ಯಾ?" ಎಂದು ಕೇಳುವನು, ಅವಳು ಇಲ್ಲವೆನ್ನುವಳು. ಇವತ್ತು ಅವಳ ಜೊತೆಗೇ ಹತ್ತಿದ. ನಡುವಿನ ಮೆಟ್ಟಿಲಲ್ಲಿ ಅವಳು ಕಣ್ಣು ಮುಚ್ಚಿ, ತುಟಿ ಕಚ್ಚಿ ನಿಂತಾಗ ಆ ಮುಖವನ್ನು ಮೊದಲ ಸಲ ನೋಡಿದ.

ಏನೂ ಕೇಳಲಿಲ್ಲ. ಅವಳನ್ನು ಅಲ್ಲೇ ಕೂರಿಸಿ, ದಶಾಂಶಮ್ಮನನ್ನು ಕೂಗಿದ. ಇಬ್ಬರೂ ಸೇರಿ ಪಡಸಾಲೆಯ ಕುರ್ಚಿಗಳನ್ನು ಹೊರಗೆ ಹಾಕಿ, ಮಂಚ ಬಿಚ್ಚಿ ಕೆಳಗಿಳಿಸಿದರು.

"ಬಂದವರು ಏನಂತಾರೋ," ಎಂದಳು ಅತ್ತೆ.

"ಕೂರಕ್ಕೆ ಕುರ್ಚಿ ಇಲ್ಲ ಅಂತಾರೆ," ಎಂದ ಮಾವ, ಮಂಚದ ಕಾಲು ಜೋಡಿಸುತ್ತ. "ನಿನ್ ಪಕ್ಕ ಕೂರ್ಲಿ."