ಲೈನ್‌ಮ್ಯಾನನ ಎಡಗಾಲು

ಮೆಕ್ಯಾನಿಕ್ ಹಿತ್ತಿಲಲ್ಲಿ ಬೋರಲು ಮಲಗಿ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಲು ನೋಡುತ್ತಿದ್ದ. ಅದು ಅಲ್ಲಾಡಲಿಲ್ಲ. ಗೇರಿನ ಲಿವರನ್ನು ಬೆರಳಿನಿಂದ ಒಂದು ಸಲ ಎತ್ತಿದ, ಎರಡು ಸಲ ಎತ್ತಿದ. ಮೂರನೇ ಸಲಕ್ಕೆ ಟಕ್ ಎಂದು, ಎರಡು ಮತ್ತು ಒಂದರ ನಡುವಿನ ನ್ಯೂಟ್ರಲ್ಲಿಗೆ ಬಂದು, ಚಕ್ರ ಸಡಿಲವಾಯಿತು. ಅಂದರೆ ಗಾಡಿ ನಾಲ್ಕನೇ ಗೇರಿನಲ್ಲಿತ್ತು. ಅವನು ನೆಲಕ್ಕೆ ಕೆನ್ನೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಮಲಗಿದ.

ಮುಂದಿನ ಕೋಣೆಯಲ್ಲಿ ಅವನ ಭಾವನ ಹೆಣ ಇತ್ತು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಎಷ್ಟಿತ್ತೆಂದರೆ, ಅಂದು ಊರಿಗೆ ಊರೇ ಬರಿಗಾಲಲ್ಲಿ ಇದ್ದಿರಬೇಕು.

"ಎದ್ದೇಳೋ," ಎಂದಳು ಅಕ್ಕ, ಅಡುಗೆಮನೆ ಬಾಗಿಲಲ್ಲಿ ನಿಂತು. "ತಮ್ಮ ಎಲ್ಲಿ ಅಂತ ಬಂದವರೆಲ್ಲ ಕೇಳ್ತಿದಾರೆ. ಅವರು ಅಲ್ಲಿ ಮಲಗಿದಾರೆ, ನೀನು ಇಲ್ಲಿ ಇದರ ಕಾಲು ಹಿಡ್ಕೊಂಡು ಬಿದ್ದಿದೀಯ."

"ಬಂದೆ ಅಕ್ಕ."

"ಬ್ರೇಕ್ ಹೋಗಿತ್ತಾ?"

ಅವನು ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡ. ಅವಳು ಒಳಗೆ ಹೋದ ಮೇಲೆ ಬಲಗಡೆಯ ಪೆಡಲನ್ನು ಅಂಗೈಯಿಂದ ಒತ್ತಿದ. ಚಕ್ರ ಕಲ್ಲಿನಂತೆ ನಿಂತಿತು. ಬ್ರೇಕಿಗೆ ಏನೂ ಆಗಿರಲಿಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಅವನು ಹಾಕಿದ ಬ್ರೇಕುಗಳಲ್ಲೆಲ್ಲ ಇದೇ ಒಳ್ಳೆಯದು. ಒಂದು ಕ್ಷಣ ಅವನ ಎದೆ ಹಗುರಾಯಿತು. ಮರುಕ್ಷಣವೇ, ಬ್ರೇಕು ಸರಿ ಇದ್ದರೆ ಉಳಿದದ್ದೇನು ಎಂದು ಹೊಳೆದು, ಪೆಡಲಿನಿಂದ ಕೈ ತೆಗೆದ.

*

ನಾಲ್ಕು ತಿಂಗಳ ಹಿಂದೆ ಲೈನ್‌ಮ್ಯಾನ್ ಆ ಗಾಡಿಯನ್ನು ಗುಜರಿಯಿಂದ ತಳ್ಳಿಕೊಂಡು ಬಂದಾಗ, ಅದರಲ್ಲಿ ತುಕ್ಕು ಹಿಡಿಯದ ಜಾಗವೆಂದರೆ ಅವನು ಹಿಡಿದುಕೊಂಡಿದ್ದ ಎರಡು ಹಿಡಿಗಳು ಮಾತ್ರ. ಟ್ಯಾಂಕಿನೊಳಗೆ ಹಲ್ಲಿಗಳು ಮೊಮ್ಮಕ್ಕಳನ್ನು ಕಂಡಿದ್ದವು.

"ಇದೇನ್ರೀ ಇದು," ಎಂದಳು ಹೆಂಡತಿ.

"ನಮ್ಮ ಆಫೀಸಿನ ಗಾಡಿ ಇತ್ತಲ್ಲ, ಅದರ ಜೊತೇಲಿ ಹುಟ್ಟಿದ್ದು."

"ಈ ವಯಸ್ಸಲ್ಲಿ ಸವತಿ ತರೋದಿದ್ರೆ ಹಲ್ಲಿರೋಳನ್ನ ತರಬಾರದಿತ್ತಾ?"

ಲೈನ್‌ಮ್ಯಾನ್ ಇಪ್ಪತ್ತಾರು ವರ್ಷ ಟೆಲಿಫೋನ್ ಕಂಬ ಹತ್ತಿದವನು. ಯಾರ ಮನೆಯ ಫೋನು ಸತ್ತರೂ ಆಫೀಸಿನ ಮೋಟಾರ್ ಸೈಕಲ್ ಏರಿ ಬರುತ್ತಿದ್ದ. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ತಂತಿಗಳನ್ನು ಸುತ್ತಿ ಒಯ್ದರು, ಅವನನ್ನು ಯಾರೂ ಕರೆಯಲಿಲ್ಲ. ಆದರೂ ರಸ್ತೆಯಲ್ಲಿ ನಡೆಯುವಾಗ ಎದುರು ಬಂದವರ ಮುಖ ನೋಡದೆ ಕಂಬಗಳ ನೆತ್ತಿ ನೋಡುತ್ತಿದ್ದ. ಹೀಗಾಗಿ ಸೊಕ್ಕಿನವನೆಂಬ ಹೆಸರೂ ಬಂದಿತ್ತು.

ಗಾಡಿ ಬಂದ ಮೇಲೆ ಅವನ ಕತ್ತು ಕೆಳಗಿಳಿಯಿತು. ಪ್ರತಿ ಭಾನುವಾರ ಹಿತ್ತಿಲಲ್ಲಿ ಮೂವರು: ಲೈನ್‌ಮ್ಯಾನ್, ಅವನ ಬಾಮೈದ ಮೆಕ್ಯಾನಿಕ್, ಮತ್ತು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು. ಎಂಜಿನ್ ಬಿಚ್ಚಿ ಹಳೇ ಚಾಪೆಯ ಮೇಲೆ ಹರಡಿದರು. ಪಿಸ್ಟನ್ ಹೊಸದಾಯಿತು, ತಂತಿಗಳು ಹೊಸವಾದವು. ಆರು ವೋಲ್ಟಿನ ದೀಪ ಹೋಗಿ ಹನ್ನೆರಡರದು ಬಂತು. ಮೊದಲಿನ ದೀಪದಲ್ಲಿ ದಾರಿ ಕಾಣಬೇಕಾದರೆ ಯಾರಾದರೂ ಮುಂದೆ ಬೆಂಕಿಕಡ್ಡಿ ಗೀರಿಕೊಂಡು ಓಡಬೇಕಿತ್ತು. ಮುಂದಿನ ಕೈಬ್ರೇಕು ಮಾತ್ರ ಹಳೆಯದೇ ಉಳಿಯಿತು. ಅದನ್ನು ಹಿಡಿದರೆ ಗಾಡಿ ನಿಲ್ಲುತ್ತಿರಲಿಲ್ಲ, ನಿಲ್ಲಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಮೊದಲ ಸಲ ಸ್ಟಾರ್ಟ್ ಆದ ದಿನ ಮೂರು ಬೀದಿಯಾಚೆ ಮಲಗಿದ್ದ ಕೂಸುಗಳೂ ಎದ್ದು ಕೂತವು. ಪಕ್ಕದ ಮನೆಯ ದರ್ಜಿ ಹೊಲಿಗೆ ತಪ್ಪಿ ಒಬ್ಬರ ಪ್ಯಾಂಟಿನ ಕಾಲೆರಡನ್ನೂ ಸೇರಿಸಿ ಹೊಲಿದುಬಿಟ್ಟ.

*

ಮೆಕ್ಯಾನಿಕ್ ಕೈ ಒರೆಸಿಕೊಂಡು ಒಳಗೆ ಬಂದಾಗ ದರ್ಜಿ ಅದೇ ಪ್ಯಾಂಟಿನ ಕತೆಯನ್ನು ಹೇಳಿ ಅಳುತ್ತಿದ್ದ.

"ಬೈದುಬಿಟ್ಟೆ ಅವತ್ತು. ನಿನ್ನ ಗಾಡಿ ಹಾಳಾಗ ಅಂದೆ. ನಗ್ತಾ ಹೋದ ಪುಣ್ಯಾತ್ಮ."

"ನೀವು ಬೈದಿದ್ದಕ್ಕೆಲ್ಲ ಹಾಳಾಗೋದಾದ್ರೆ ಈ ಬೀದೀಲಿ ಒಂದು ಮನೇನೂ ಇರ್ತಿರಲಿಲ್ಲ," ಎಂದಳು ಲೈನ್‌ಮ್ಯಾನನ ಹೆಂಡತಿ. ಅವಳ ಕಣ್ಣುಗಳು ಅತ್ತು ಅತ್ತು ಸಣ್ಣಗಾಗಿದ್ದವು. ನಾಲಿಗೆ ಮಾತ್ರ ಇದ್ದಷ್ಟೇ ಇತ್ತು. "ಅಳಬೇಡಿ, ಕೂತ್ಕೊಳ್ಳಿ."

ಮಗಳು ಅಳುತ್ತಿರಲಿಲ್ಲ. ನಿನ್ನೆ ಸಂಜೆಯಿಂದ ನೀರೂ ಕುಡಿದಿರಲಿಲ್ಲ. ಅಪ್ಪನ ಕಾಲ ಬಳಿ ಕೂತು, ಹೊದಿಸಿದ ಬಟ್ಟೆಯಿಂದ ಹೊರಗಿದ್ದ ಅವನ ಎಡಪಾದವನ್ನೇ ನೋಡುತ್ತಿದ್ದಳು. ಮೆಕ್ಯಾನಿಕ್ ಪಕ್ಕದಲ್ಲಿ ಕುಕ್ಕರಿಸಿದಾಗ ತಲೆ ಎತ್ತದೆ ಕೇಳಿದಳು.

"ಮಾಮ, ಪೆಡಲ್ ಬದಲಾಯಿಸಿದ್ದಕ್ಕೇ ಆಯ್ತಾ?"

"ಛೆ, ಏನ್ ಮಾತು."

"ನಾನು ಕೇಳಿದ್ದಕ್ಕೆ ತಾನೇ ಬದಲಾಯಿಸಿದ್ದು."

"ಬ್ರೇಕ್ ನೋಡ್ತಾ ಇದೀನಿ. ಇನ್ನೂ ಪೂರ್ತಿ ನೋಡಿಲ್ಲ."

"ನೋಡು. ಆಮೇಲೆ ನಾನೂ ಬಂದು ನೋಡ್ತೀನಿ. ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ."

ಗೊತ್ತಾಗುತ್ತಿತ್ತು. ಅವಳಿಗೆ ಕಲಿಸಿದವನು ಅವನೇ.

*

ಹಳೇ ಕಾಲದ ಆ ಗಾಡಿಗಳಲ್ಲಿ ಬ್ರೇಕು ಎಡಗಾಲಿಗೆ, ಗೇರು ಬಲಗಾಲಿಗೆ. ಈಗಿನವುಗಳಲ್ಲಿ ಅದು ತಿರುಗುಮುರುಗು. ಮಗಳು ಓಡಿಸಲು ಕಲಿತದ್ದು ಈಗಿನ ಗಾಡಿಯಲ್ಲಿ.

"ಅಪ್ಪ, ನನಗೂ ಓಡಿಸ್ಬೇಕು. ಎರಡನ್ನೂ ಆಚೀಚೆ ಮಾಡಿಸಿಬಿಡು," ಎಂದಿದ್ದಳು ತಿಂಗಳ ಹಿಂದೆ.

ಅಪ್ಪನಿಗೆ ಹಿಗ್ಗು. ಮಗಳು ತನ್ನ ಬಳಿ ಏನನ್ನಾದರೂ ಕೇಳಿ ಎಂಟು ವರ್ಷವಾಗಿತ್ತು.

"ಇಪ್ಪತ್ತಾರು ವರ್ಷದ ರೂಢಿ ಭಾವ," ಎಂದ ಮೆಕ್ಯಾನಿಕ್. "ನಿಮ್ಮ ಕಾಲು ಒಪ್ಪಬೇಕಲ್ಲ."

"ನನ್ನ ಕಾಲು, ನಾನು ಹೇಳಿದ ಹಾಗೆ ಕೇಳುತ್ತೆ."

"ಕಾಲಿಗೆ ಕಿವಿ ಇಲ್ಲ."

ಹಾಗೆಂದನೇ ಹೊರತು ಬೇಡ ಎನ್ನಲಿಲ್ಲ. ಕಷ್ಟದ ಕೆಲಸ, ಊರಿನಲ್ಲಿ ಬೇರೆ ಯಾರಿಗೂ ಬಾರದ ಕೆಲಸ. ಎಂಜಿನ್ನಿನ ಹಿಂದಿನಿಂದ ಒಂದು ಅಡ್ಡ ರಾಡು ಹಾಯಿಸಿ, ಬಲಗಡೆಯ ಗೇರನ್ನು ಎಡಕ್ಕೆ, ಎಡಗಡೆಯ ಬ್ರೇಕನ್ನು ಬಲಕ್ಕೆ ತಂದ. ರಾಡನ್ನು ಲೇತಿನಲ್ಲಿ ತಾನೇ ಕಡೆದ. ತುಳಿದರೆ ಗೇರು ಏರುತ್ತದೆ, ಎತ್ತಿದರೆ ಇಳಿಯುತ್ತದೆ. ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ. ನೋಡಿದವರಿಗೆಲ್ಲ ಎರಡೆರಡು ಸಲ ತೋರಿಸಿದ.

ಆಮೇಲೆ ಒಂದು ವಾರ ಲೈನ್‌ಮ್ಯಾನ್ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂತು ಅಭ್ಯಾಸ ಮಾಡಿದ. ಹೆಂಡತಿ ಮೆಟ್ಟಿಲ ಮೇಲೆ ತರಕಾರಿ ಹೆಚ್ಚುತ್ತ ಹುಕುಂ ಕೊಡುತ್ತಿದ್ದಳು.

"ಬ್ರೇಕ್. ಗೇರ್. ಬ್ರೇಕ್. ಬ್ರೇಕ್ ಅಂದೆ ಕಣ್ರೀ, ಅದು ಗೇರು. ನನ್ನ ಮಾತು ಮನೇಲೂ ಹೀಗೇ ಕೇಳೋದು."

ಹತ್ತಕ್ಕೆ ಒಂಬತ್ತು ಸಲ ಸರಿಯಾಗುತ್ತಿತ್ತು. ಹತ್ತನೆಯದಕ್ಕೆ ಎಲ್ಲರೂ ನಗುತ್ತಿದ್ದರು. ಮೆಕ್ಯಾನಿಕ್ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

*

ಇಸ್ತ್ರಿಯವನು ಹಿತ್ತಿಲ ಗೋಡೆಯ ಬಳಿ ಬೀಡಿ ಸೇದುತ್ತ ನಿಂತಿದ್ದ. ಅವನ ಇಸ್ತ್ರಿ ಗಾಡಿ ಇಳಿಜಾರಿನ ಬುಡದಲ್ಲಿ, ನೀರಿನ ಟ್ಯಾಂಕಿನ ಕಾಂಪೌಂಡ್ ಗೋಡೆಯ ಪಕ್ಕ ನಿಲ್ಲುತ್ತಿತ್ತು. ಲೈನ್‌ಮ್ಯಾನ್ ನಿನ್ನೆ ಹೋಗಿ ಗುದ್ದಿದ್ದು ಅದೇ ಗೋಡೆಗೆ. ನೋಡಿದವನು ಇವನೊಬ್ಬನೇ.

"ಎದುರಿಗೆ ನಾಯಿ ಬಂತು ಅಣ್ಣ. ಅವರು ತುಳಿದ್ರು. ಗಾಡಿ ನಿಲ್ಲಲಿಲ್ಲ. ತುಳಿದ ಹಾಗೆಲ್ಲ ಇನ್ನೂ ಸಲೀಸಾಗಿ ಓಡ್ತು. ಪೊಲೀಸರಿಗೂ ಅದನ್ನೇ ಹೇಳ್ದೆ, ಬ್ರೇಕ್ ಹಿಡೀಲಿಲ್ಲ ಅಂತ. ಬರ್ಕೊಂಡು, ಗಾಡೀನ ಮನೆಗೆ ಎತ್ಕೊಂಡು ಹೋಗಿ ಅಂದ್ರು."

"ಯಾವ ಕಾಲು?"

"ಆಂ?"

"ಯಾವ ಕಾಲಲ್ಲಿ ತುಳಿದ್ರು?"

ಇಸ್ತ್ರಿಯವನು ಬೀಡಿ ಹಿಡಿದ ಕೈಯನ್ನು ಆ ಕಡೆ ಈ ಕಡೆ ಮಾಡಿ ಲೆಕ್ಕ ಹಾಕಿದ. "ನನ್ನ ಕಡೆ ಇದ್ದ ಕಾಲು. ಎಡಗಾಲು."

ನಾಯಿ ಕಂಡ ಕ್ಷಣದಲ್ಲಿ ಇಪ್ಪತ್ತಾರು ವರ್ಷದ ಕಾಲು ತನ್ನ ಹಳೇ ಜಾಗಕ್ಕೆ ಹೋಗಿತ್ತು. ಅಲ್ಲಿ ಈಗ ಬ್ರೇಕು ಇರಲಿಲ್ಲ. ತುಳಿದಷ್ಟೂ ಗೇರು ಏರಿತ್ತು.

"ನೀನು ನೋಡಿದ್ದು ಕಾಲು," ಎಂದ ಮೆಕ್ಯಾನಿಕ್. "ಯಾವ ಕಾಲು ಅಂತ ನೋಡಿಲ್ಲ."

"ನೋಡಿದೆನಲ್ಲ ಅಣ್ಣ, ಇಷ್ಟು ಹತ್ತಿರ..."

"ನೋಡಿಲ್ಲ. ಆ ಹುಡುಗಿ ಕೇಳಿದ್ರೂ ನೋಡಿಲ್ಲ."

ಇಸ್ತ್ರಿಯವನು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬೀಡಿಯನ್ನು ಗೋಡೆಗೆ ಒರೆಸಿ ಆರಿಸಿದ. "ಕಣ್ಣು ಮಂಜು ಬಿಡಣ್ಣ ನನಗೆ. ಬಿಳಿ ಅಂಗಿಗೂ ನೀಲಿ ಅಂಗಿಗೂ ವ್ಯತ್ಯಾಸ ಕಾಣಲ್ಲ," ಎಂದು ಒಳಗೆ ಹೋದ.

ಮೆಕ್ಯಾನಿಕ್ ಜೇಬಿನಿಂದ ಸ್ಪ್ಯಾನರ್ ತೆಗೆದು ಮತ್ತೆ ಮೊಣಕಾಲೂರಿದ. ಹಿಂದಿನ ಬ್ರೇಕಿನ ರಾಡು ಒಂದು ನಟ್ಟಿನಲ್ಲಿ ನಿಂತಿರುತ್ತದೆ. ನಟ್ಟು ಉದುರದಂತೆ ಒಂದು ಸಣ್ಣ ಪಿನ್. ಪಿನ್ನಿನ ಎರಡು ಕಾಲುಗಳನ್ನು ನೇರ ಮಾಡಿ ಎಳೆದ. ನಟ್ಟಿಗೆ ಸ್ಪ್ಯಾನರ್ ಹಾಕಿದ. ಅದು ಬಿಗಿಯಾಗಿತ್ತು. ತನ್ನ ಕೈಯೇ ಬಿಗಿ ಮಾಡಿದ್ದನ್ನು ಬಿಚ್ಚಲು ಅವನ ಇನ್ನೊಂದು ಕೈಯೂ ಬೇಕಾಯಿತು.

"ಏನ್ ಮಾಡ್ತಿದೀಯ?"

ಅಕ್ಕ ಮತ್ತೆ ಬಾಗಿಲಲ್ಲಿದ್ದಳು.

"ಬಿಗಿ ಮಾಡ್ತಿದೀನಿ."

"ನಾನು ಮೆಕ್ಯಾನಿಕ್ ಅಲ್ಲ. ಆದ್ರೆ ಹುಟ್ಟಿದಾಗಿಂದ ಹತ್ತು ಲಕ್ಷ ಡಬ್ಬಿ ಮುಚ್ಚಳ ತೆಗೆದಿದೀನಿ. ಬಿಚ್ಚೋ ಕಡೆ ಯಾವುದು ಅಂತ ಗೊತ್ತು."

ಅವನು ಕೈ ನಿಲ್ಲಿಸಿದ. ಅವಳು ಮೆಟ್ಟಿಲ ಮೇಲೆ ಕೂತಳು.

"ನಿದ್ದೇಲಿ ಒದೀತಿದ್ರು ಕಣೋ," ಎಂದಳು. "ಮದುವೆ ಆದಾಗಿಂದ. ಯಾವುದೋ ಕನಸಲ್ಲಿ ಯಾರೋ ಅಡ್ಡ ಬರ್ತಿದ್ರೇನೋ, ನನ್ನ ಕಾಲನ್ನ ಹೀಗೆ ತುಳೀತಿದ್ರು. ಎಡಗಾಲಲ್ಲಿ. ಮೊನ್ನೆ ರಾತ್ರಿನೂ ಎಡಗಾಲೇ." ತುಳಿಸಿಕೊಂಡ ಕಾಲನ್ನು ಸವರಿಕೊಂಡಳು. "ನನಗೆ ಗೊತ್ತಿತ್ತು. ಹೇಳ್ಲಿಲ್ಲ. ಅಷ್ಟು ಖುಷಿಯಾಗಿದ್ರು."

"ಅವಳಿಗೆ ಗೊತ್ತಾಗಬಾರದು ಅಕ್ಕ."

"ಜನ್ಮದಲ್ಲಿ ನಿನ್ನ ಮುಖ ನೋಡಲ್ಲ ಅವಳು."

"ಬೈಯೋಕೆ ಒಬ್ಬ ಸಿಕ್ಕಿದ್ರೆ ಊಟಾನಾದ್ರೂ ಮಾಡ್ತಾಳೆ."

ಅಕ್ಕ ಎದ್ದಳು. "ಬೇಗ ಮುಗ್ಸು. ವ್ಯಾನು ಬರೋ ಹೊತ್ತಾಯ್ತು." ಬಾಗಿಲಲ್ಲಿ ತಿರುಗಿ ನಿಂತು, "ಆ ಪಿನ್ನು ಅಲ್ಲೇ ಬಿಟ್ಟಿದೀಯ, ಎತ್ಕೋ," ಎಂದಳು.

ಮಗಳು ಬಂದದ್ದು ಐದು ನಿಮಿಷಕ್ಕೆ. ಬಗ್ಗಿ ಪೆಡಲ್ ಒತ್ತಿದಳು. ಅದು ಸತ್ತ ಹಕ್ಕಿಯ ಕತ್ತಿನಂತೆ ಕೆಳಗೆ ಬಿತ್ತು. ಬೆರಳಿನಿಂದ ರಾಡಿನುದ್ದಕ್ಕೂ ಹಿಂದೆ ಹೋದಳು. ತುದಿಯಲ್ಲಿ ಬೆರಳು ನಿಂತಿತು.

"ನಟ್ಟಿಲ್ಲ."

"ದಾರೀಲಿ ಉದುರಿದೆ."

"ಪಿನ್ ಇದ್ರೆ ಹೇಗೆ ಉದುರುತ್ತೆ?"

"ಪಿನ್ ಹಾಕಿರಲಿಲ್ಲ."

"ಹಾಕಿರಲಿಲ್ಲ ಅಂದ್ರೆ?"

"ಮರೆತೆ."

ಅವಳು ನಿಧಾನವಾಗಿ ಎದ್ದು ನಿಂತಳು. "ಪಿನ್ ಹಾಕದೆ ಕೈ ತೊಳೀಬಾರದು ಅಂತ ನನಗೆ ಹೇಳ್ಕೊಟ್ಟಿದ್ದು ಯಾರು?"

"ನಾನೇ."

"ನಾನು ರಾತ್ರಿಯೆಲ್ಲ..." ಎಂದಳು. ಗೋಡೆ ಹಿಡಿದುಕೊಂಡಳು. ನಿನ್ನೆಯಿಂದ ಬಾರದಿದ್ದ ಅಳು ಈಗ ಬಂತು. ಒಂದು ಕೆರೆಯ ಕಟ್ಟೆ ಒಡೆದರೆ ಅಷ್ಟು ನೀರು ಬರಬಹುದು. ಅಮ್ಮ ಓಡಿ ಬಂದು ಹಿಡಿದುಕೊಂಡಳು.

"ಅಪ್ಪನ್ನ ಮುಟ್ಟಬೇಡ ನೀನು," ಎಂದಳು ಮಗಳು, ಅಮ್ಮನ ಭುಜದಿಂದ ಮುಖ ಎತ್ತದೆ. "ಎತ್ತೋಕೂ ಬರಬೇಡ."

"ಕೇಳಿಸ್ತೇನೋ?" ಎಂದಳು ಅಕ್ಕ, ಒಳಗಿದ್ದ ಎಲ್ಲರಿಗೂ ಕೇಳುವಂತೆ. "ದೂರ ನಿಂತ್ಕೋ."

ಅವನು ದೂರ ನಿಂತ. ನಾಲ್ಕು ಜನ ಹೆಗಲು ಕೊಟ್ಟು ಎತ್ತಿದರು. ಸುದ್ದಿ ಆಗಲೇ ಒಳಗಿನಿಂದ ಗೇಟಿನವರೆಗೆ ಹೋಗಿತ್ತು. ದರ್ಜಿ ಅವನ ಪಕ್ಕದಲ್ಲಿ ಹಾದುಹೋಗುವಾಗ, ತನ್ನ ಸ್ಕೂಟರಿನ ಬೀಗದ ಕೈಯನ್ನು ಜೇಬಿನ ಆಳಕ್ಕೆ ತಳ್ಳಿಕೊಂಡ. ಅದು ಮುಂದಿನ ವಾರ ಇವನ ಅಂಗಡಿಗೆ ಬರಬೇಕಿತ್ತು.

ಭಾವನನ್ನು ವ್ಯಾನಿನಲ್ಲಿ ಮಲಗಿಸಿದರು. ಹೆಂಡತಿ ಹತ್ತಿ ಪಕ್ಕದಲ್ಲಿ ಕೂತಳು. ಡ್ರೈವರ್ ಕೀಲಿ ತಿರುಗಿಸಿದ. ವ್ಯಾನು ಕಟಕಟ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಮತ್ತೆ ಕಟಕಟ.

ಗೇಟಿನಾಚೆ ನಿಂತಿದ್ದ ಮೆಕ್ಯಾನಿಕ್‌ಗೆ ಆ ಸದ್ದೇ ಸಾಕಾಗಿತ್ತು. ಬ್ಯಾಟರಿಯ ಟರ್ಮಿನಲ್ ಸಡಿಲ. ಎಲ್ಲರೂ ಅವನ ಕಡೆ ನೋಡಿದರು, ನೋಡಿ ಬೇರೆ ಕಡೆ ತಿರುಗಿದರು.

ಮಗಳು ಮುಂದೆ ಹೋಗಿ ಬಾನೆಟ್ ಎತ್ತಿದಳು. ಬಗ್ಗಿ ನೋಡಿದಳು, ಟರ್ಮಿನಲನ್ನು ಕೈಯಿಂದ ಅಲ್ಲಾಡಿಸಿದಳು. ಆಮೇಲೆ ಹಿಂದೆ ತಿರುಗದೆ, ತಲೆ ಎತ್ತದೆ, ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈ ಬಿಡಿಸಿದಳು. ಯಾರನ್ನೂ ಕರೆಯಲಿಲ್ಲ, ಯಾವ ನಂಬರ್ ಎಂದೂ ಹೇಳಲಿಲ್ಲ.

ಮೆಕ್ಯಾನಿಕ್ ಬಂದು ಜೇಬಿನಿಂದ ಹತ್ತನೇ ನಂಬರಿನ ಸ್ಪ್ಯಾನರನ್ನು ತೆಗೆದು ಆ ಅಂಗೈಯಲ್ಲಿಟ್ಟು, ಬಂದಷ್ಟೇ ಹೆಜ್ಜೆ ಹಿಂದೆ ಸರಿದ.

ಅವಳು ಬಿಗಿ ಮಾಡಿದಳು. ಎರಡು ಸಲ ಎಳೆದು ನೋಡಿದಳು. ವ್ಯಾನು ಸ್ಟಾರ್ಟ್ ಆಯಿತು. ಬಾನೆಟ್ ಇಳಿಸಿ, ಅವನು ಚಾಚಿದ ಕೈಯ ಮುಂದೆಯೇ ನಡೆದುಹೋಗಿ, ಸ್ಪ್ಯಾನರನ್ನು ಗೇಟಿನ ಕಂಬದ ಮೇಲಿಟ್ಟು ವ್ಯಾನು ಹತ್ತಿದಳು.