ಕುಟ್ಟುವವರು

ಒನಕೆ ಮೇಲೆದ್ದು ಮತ್ತೆ ಬೀಳುವಷ್ಟರಲ್ಲಿ ಕೈ ಒರಳಿಗಿಳಿದು ಬೇಯಿಸಿದ ಮರಗೆಣಸಿನ ಫುಫು ಮುದ್ದೆಯನ್ನು ಮಗುಚಿ ಹೊರಗೆ ಬಂದಿರಬೇಕು. ನಡುವೆ ಯೋಚಿಸಬಾರದು. ಅರಬಾ ಯೋಚಿಸಿದಳು. ಒನಕೆಯ ಅಂಚು ಬೆರಳಿಗೆ ತಗುಲಿ ಬಿಳಿ ಮುದ್ದೆಯ ಮೇಲೆ ಒಂದು ಕೆಂಪು ಹನಿ ಬಿತ್ತು.

“ಕೈ ಇಲ್ಲಿ, ಮನಸ್ಸೆಲ್ಲೋ,” ಅಂದಳು ಕುಟ್ಟುತ್ತಿದ್ದ ಮಾನ್ಸಾ, ಹಿತ್ತಿಲ ಕೋಣೆಯ ಬಾಡಿಗೆಯವಳು. “ಈ ವಯಸ್ಸಲ್ಲಿ ಮದುವೆ ಗೊತ್ತಾಯ್ತಾ, ಟೀಚರಮ್ಮ?”

ಅರಬಾ ಬೆರಳು ಚೀಪಿದಳು. ಮನಸ್ಸು ಕಪಾಟಿನ ಮೇಲಿನ ಆಸ್ಪಿರಿನ್ ಡಬ್ಬಿಯಲ್ಲಿತ್ತು. ದೂರದ ಟಕೊರಾಡಿ ಊರಲ್ಲಿದ್ದ ತಮ್ಮ ಎಬೊ ಹೃದಯಾಘಾತದಿಂದ ಬದುಕಿ ಬಂದವನು. ದಿನಕ್ಕೊಂದು ನುಂಗುತ್ತ ಅವಳಿಗೂ ಕಳಿಸಿದ್ದ. ನೀನು ನುಂಗದಿದ್ದರೆ ನಾನೂ ಬಿಡುತ್ತೇನೆ, ನುಂಗುತ್ತಿದ್ದೇನೆ ಅಂತ ಬರೆ, ನನ್ನ ಗುಂಡಿಗೆ ಹೊಟ್ಟೆಗೆ ಬೀಳಲಿ, ಎಂದಿದ್ದ. ನೆಮ್ಮದಿಯಾಯಿತು ಎನ್ನಲು ಅವರ ಸೀಮೆಯವರು ಹೇಳುವುದೇ ಹಾಗೆ. ಈಸ್ಟರ್ ಕಳೆದು ಮಳೆಯೂ ಮುಗಿದಿತ್ತು. ಅವಳು ನುಂಗಿರಲಿಲ್ಲ, ಬರೆದೂ ಇರಲಿಲ್ಲ. ಉಳಿಯುವ ಆಸೆ ತನಗಿದೆಯೋ ಇಲ್ಲವೋ, ಅದೇ ತಿಳಿದಿರಲಿಲ್ಲ.

ಬೆಳಿಗ್ಗೆ ಡಾಕ್ಟರು ಬಿಡಿಸಿ ಹೇಳಿದ್ದರು. ತಮ್ಮನಿಗೆ ಅದು ಬೇಕೇಬೇಕು, ಬಿಡಕೂಡದು. ನಿಮಗೆ ಆಘಾತವೇ ಆಗಿಲ್ಲ. ಮೇಲಾಗಿ ಹಿಂದೊಮ್ಮೆ ಹೊಟ್ಟೆಯ ಹುಣ್ಣು ಒಡೆದು ರಕ್ತ ಹೋಗಿದೆ. ಗುಂಡಿಗೆ ಕಾಯಲು ಹೋಗಿ ಹೊಟ್ಟೆ ಕಳೆದುಕೊಳ್ಳಬೇಡಿ.

“ಹಾಗಾದ್ರೆ ಇದು ನಿಲ್ಲಲ್ವಾ?” ಎದೆ ಮುಟ್ಟಿ ಕೇಳಿದ್ದಳು ಅರಬಾ.

“ಎಲ್ಲರದೂ ನಿಲ್ಲುತ್ತೆ, ಮೇಡಂ. ತಗೊಳ್ಳಿ, ಕೇಳಿ,” ಎಂದು ಸ್ಟೆತಸ್ಕೋಪನ್ನು ಅವಳ ಕಿವಿಗೇ ಹಚ್ಚಿದ್ದರು.

ಧಪ್, ಧಪ್. ಅವಳು ಮಕ್ಕಳಿಗೆ ನದಿಗಳ ಹೆಸರು ಬಾಯಿಪಾಠ ಮಾಡಿಸುವಾಗ, ಅವ್ವನ ಹೆಣದ ಪಕ್ಕ ಅಳು ಬಾರದೆ ಕುಳಿತಾಗ, ಎದೆಯೊಳಗಿನ ಆ ಕತ್ತಲಲ್ಲಿ ಯಾರೋ ಕುಟ್ಟುತ್ತಲೇ ಇದ್ದರು. ಒಂದು ದಿನವೂ ಅಪ್ಪಣೆ ಕೇಳಿರಲಿಲ್ಲ. ಅಲ್ಲೇ ಮೊಣಕಾಲೂರಬೇಕೆನಿಸಿತ್ತು. ಯಾರ ಮುಂದೆ ಎಂದು ತಿಳಿಯಲಿಲ್ಲ. ಕುಟ್ಟುವವರು ಇರಲಿ, ನಡುವೆ ಮಗುಚುವ ಕೈ ಯಾರದು?

“ಕುಟ್ಲಾ, ಸಾಕಾ?” ಮಾನ್ಸಾ ಕೆಂಪಾದ ಚೂರನ್ನು ಚಿವುಟಿ ಕೋಳಿಗೆ ಎಸೆದಳು.

“ಸಾಕು.”

ಒಳಗೆ ಹೋಗಿ ಬರೆದಳು. ನುಂಗುತ್ತಿದ್ದೇನೆ ಎಂಬ ಸುಳ್ಳು ಕೈಗೆ ಬರಲಿಲ್ಲ. ಇಲ್ಲ ಎಂದರೆ ಅವನು ಬಿಟ್ಟಾನು, ಹಟಮಾರಿ. ಕೊನೆಗೆ ಹಾಳೆಯ ಮೇಲೆ ಇಷ್ಟೇ ಉಳಿಯಿತು: ಗುಂಡಿಗೆ ಹೊಟ್ಟೆಗೆ ಬಿತ್ತು. ನೀನು ಮಾತ್ರ ಬಿಡಬೇಡ.

ಹೇಗೆ ಬೇಕೋ ಹಾಗೆ ಓದಿಕೊಳ್ಳಲಿ.

ಅಂಚೆಡಬ್ಬಿಯ ಬಾಯಿಗೆ ಕಾಗದ ತುರುಕಿದಳು. ಬಿದ್ದ ಸದ್ದು ಬರಲಿಲ್ಲ. ಬಗ್ಗಿ ಕಿವಿಯಿಟ್ಟಳು. ಧಪ್, ಧಪ್. ಯಾವುದೋ ಹಿತ್ತಿಲಲ್ಲಿ ಫುಫು ಕುಟ್ಟುತ್ತಿದ್ದರು. ಆಮೇಲೆ ಅದೂ ನಿಂತಿತು.