ಹೆಚ್ಚಿಗೆ ತಂದ ಶಾಲು

ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅಬುಧಾಬಿಯಲ್ಲಿ ಅವರು ಒಂದು ಸಂಘವನ್ನೇ ಕಟ್ಟಿಕೊಂಡಿದ್ದಾರೆ. ನಾನೂ ಅದರ ಸದಸ್ಯೆ, ತಪ್ಪದೆ ಚಂದಾ ಕಟ್ಟುವವಳು. ಹಾಗಾಗಿ ಬೈಯುವ ಹಕ್ಕು ನನಗಿದೆ.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಸಂಘದ ಅಧ್ಯಕ್ಷ ಜೆರಾಲ್ಡ್ ಬಾಬ್ ಫೋನ್ ಮಾಡಿದರು. ನಮ್ಮ ಮಂಗಳೂರು ಕೊಂಕಣಿಯಲ್ಲಿ ಗಂಡಸರಿಗೆ ಬಾಬ್, ಹೆಂಗಸರಿಗೆ ಬಾಯಿ ಎನ್ನುವುದು ಮರ್ಯಾದೆ. ನಾನು ಆಸ್ಪತ್ರೆಗೆ ಹೊರಟಿದ್ದೆ, ಒಂದು ಕಾಲಿಗೆ ಶೂ ಹಾಕಿಯಾಗಿತ್ತು.

"ಎವ್ಲಿನ್‌ಬಾಯಿ, ಗೊತ್ತಾಯ್ತಾ? ನಮ್ಮ ರೋಕಿ ಅಮೆರಿಕಕ್ಕೆ ಸೆಲೆಕ್ಟ್ ಆದ! ಡ್ರಾಫ್ಟಲ್ಲಿ ಒಂಬತ್ತನೆಯವ! ಎಂಟು ಟೀಮಿನವರಿಗೆ ಕಣ್ಣಿರಲಿಲ್ಲ ಮಾರಾಯ್ರೆ, ಒಂಬತ್ತನೆಯವ ಬುದ್ಧಿವಂತ!"

ಅಮೆರಿಕದ ಆ ದೊಡ್ಡ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಜೆರಾಲ್ಡ್ ಬಾಬ್‌ಗೆ ಬಾಸ್ಕೆಟ್‌ಬಾಲ್ ಎಂದರೆ ತೂತು ಬಿದ್ದ ಬುಟ್ಟಿ ಎನ್ನುವುದರಾಚೆ ಏನೂ ತಿಳಿಯದು. ಆದರೆ ಒಂಬತ್ತು ಎನ್ನುವ ಅಂಕಿ ಅವರಿಗೆ ಬಾಯಿಪಾಠವಾಗಿತ್ತು.

ಅವರು 'ನಮ್ಮ ರೋಕಿ' ಎಂದದ್ದು ಲಿಥುವೇನಿಯಾದ ರೋಕಾಸ್‌ನನ್ನು. ಆರೂಮುಕ್ಕಾಲು ಅಡಿ ಎತ್ತರ, ಹತ್ತೊಂಬತ್ತು ವರ್ಷ. ಅವನ ಅಪ್ಪ ವಿಮಾನ ರಿಪೇರಿಯ ಇಂಜಿನಿಯರ್, ಖಲೀಫಾ ಸಿಟಿಯ ವಿಲ್ಲಾದಲ್ಲಿ ವಾಸ. ನನ್ನ ಗಂಡ ಲಿಯೋ ಇಂಡಿಯನ್ ಸ್ಕೂಲೊಂದರಲ್ಲಿ ಪಿ.ಟಿ. ಮಾಸ್ಟರ್. ಸಂಜೆ ಒಂದು ಹಾಲ್ ಬಾಡಿಗೆಗೆ ಹಿಡಿದು ಬಾಸ್ಕೆಟ್‌ಬಾಲ್ ಕಲಿಸುತ್ತಾರೆ. ಹದಿನೈದರ ರೋಕಾಸ್ ಅಲ್ಲಿಗೆ ಬಂದು ಸೇರಿದ. ತಾಯಿ ಅಲ್ಲೇ ಅವರ ದೇಶದಲ್ಲಿ, ಅಪ್ಪನಿಗೆ ಶಿಫ್ಟ್ ಡ್ಯೂಟಿ. ಆಟ ಮುಗಿದ ಮೇಲೆ ನನ್ನ ಮಗ ಆಲ್ವಿನ್ ಅವನನ್ನು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲ್ಯಾಟಿಗೆ ಕರೆತರುತ್ತಿದ್ದ. ಇಡ್ಲಿಯಂಥ ಸಾನ್ನಾ, ಕೋಳಿ ಸಾರು, ಬಂಗುಡೆ ಫ್ರೈ, ಏನು ಬಡಿಸಿದರೂ ಆ ಹುಡುಗ ತಟ್ಟೆ ಬೆಳ್ಳಗಾಗುವಂತೆ ತಿನ್ನುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮವರ ಬಾಯಲ್ಲಿ ಅವನು 'ರೋಕಿ' ಆದದ್ದು ಮಾತ್ರ ಪೇಪರಿನಲ್ಲಿ ಅವನ ಫೋಟೋ ಬಂದ ಮೇಲೆ. ಅದಕ್ಕೆ ಮುಂಚೆ ಅವನು 'ಆ ಬಿಳಿ ಉದ್ದ ಹುಡುಗ.'

ಆಲ್ವಿನ್, ರೋಕಾಸ್ ಇಬ್ಬರೂ ಒಂದೇ ತಂಡದಲ್ಲಿ ಆಡುತ್ತಿದ್ದರು. ಆಲ್ವಿನ್ ಚೆಂಡು ಹಿಡಿದರೆ ಹಾಲ್ ಒಮ್ಮೆ ಸುಮ್ಮನಾಗುತ್ತಿತ್ತು. ಹೆತ್ತವಳ ಮಾತು ಎಂದು ತಳ್ಳಿಹಾಕುವವರು ಹಾಕಲಿ. ಒಂದು ವರ್ಷದ ಚರ್ಚ್ ಪಿಕ್ನಿಕ್‌ನಲ್ಲಿ ಜೆರಾಲ್ಡ್ ಬಾಬ್ ಕೋಳಿ ಕಾಲು ಜಗಿಯುತ್ತ ಎಲ್ಲರೆದುರು ಕೇಳಿದರು, "ಎಂತ ಲಿಯೋ, ನಿಮ್ಮ ಟೀಮಲ್ಲಿ ಮಗನಿಗೆ ಪರ್ಮನೆಂಟ್ ವೀಸಾ ಅಲ್ವಾ? ಉಳಿದವರದ್ದೆಲ್ಲ ವಿಸಿಟ್ ವೀಸಾ!"

ಎಲ್ಲರೂ ನಕ್ಕರು. ಲಿಯೋ ಕೂಡ ನಕ್ಕರು. ಆದರೆ ಆ ಮುಳ್ಳು ಒಳಗೇ ಮುರಿದು ಉಳಿಯಿತು. ಮರುವಾರದಿಂದ ಮಗನ ಮೇಲೆ ಬೇರೆಯೇ ಕಾನೂನು. ಬೇರೆಯವರ ತಪ್ಪಿಗೆ "ಪರವಾಗಿಲ್ಲ", ಆಲ್ವಿನ್‌ನ ತಪ್ಪಿಗೆ ಹತ್ತು ಸುತ್ತು ಓಟ. ಕೇಳಿದರೆ, "ನಿನಗೆ ಗೊತ್ತಾಗುದಿಲ್ಲ. ಜನ ಮಾತಾಡ್ತಾರೆ" ಅನ್ನುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಅವರ ಮುಖಕ್ಕೇ ಹೇಳಿದ್ದೇನೆ.

ಎರಡು ವರ್ಷದ ಹಿಂದೆ ದುಬೈಯ ಒಂದು ದೊಡ್ಡ ಕ್ಲಬ್ಬಿನವರು ಹುಡುಗರನ್ನು ನೋಡಲು ಬಂದರು. ಯುರೋಪಿನ ತಂಡಗಳ ಜೊತೆ ಆಡುವ ಕ್ಲಬ್ ಅದು. ಅವರ ಕಿರಿಯರ ತಂಡದಲ್ಲಿ ಜಾಗ ಖಾಲಿ ಇದ್ದದ್ದು ಒಂದೇ. ಕೊನೆಗೆ ಉಳಿದವರು ಇವರಿಬ್ಬರು. ಆ ದಿನ ಆಟ ಮುಗಿದ ಮೇಲೆ ಕ್ಲಬ್ಬಿನ ಮ್ಯಾನೇಜರ್ ಲಿಯೋ ಅವರನ್ನು ಹತ್ತಿರದ ಕೆಫೆಟೇರಿಯಾಕ್ಕೆ ಕರಕ್ ಚಾ ಕುಡಿಯಲು ಕರೆದುಕೊಂಡು ಹೋದ. ಲಿಯೋ ಮನೆಗೆ ಬಂದು ಕೈಕಾಲು ತೊಳೆದು ಮೇಜಿನ ಮುಂದೆ ಕೂತು ಹೇಳಿದರು, "ರೋಕಾಸ್‌ನನ್ನು ತೆಗೊಂಡ್ರು. ಆಲ್ವಿನ್, ನಿನಗೆ ಹೈಟ್ ಸಾಕಾಗ್ಲಿಲ್ಲ. ಎರಡು ಇಂಚು ಕಮ್ಮಿಯಂತೆ. ಬರುವ ವರ್ಷ ನೋಡುವ ಅಂದಿದ್ದಾರೆ."

ಆಲ್ವಿನ್ ಆಗ ಆರಡಿ ಎರಡಿಂಚು. ಅಳಲಿಲ್ಲ. "ಓಕೆ ಡ್ಯಾಡಿ. ಟೂ ಇಂಚಸ್ ತಾನೆ, ಮಾಡ್ತೇನೆ" ಅಂದ. ಪಾಸು ಮಾಡುವ ಪರೀಕ್ಷೆ ಎಂಬಂತೆ.

ಆಮೇಲೆ ಶುರುವಾಯಿತು ನಮ್ಮ ಮನೆಯ ಹುಚ್ಚು. ಬಿಲ್ಡಿಂಗ್ ಹಿಂದಿನ ಮಕ್ಕಳ ಪಾರ್ಕಿನ ಕಬ್ಬಿಣದ ರಾಡಿಗೆ ಆಲ್ವಿನ್ ಬೆಳಿಗ್ಗೆ ಸಂಜೆ ನೇತಾಡುತ್ತಿದ್ದ, ಆಗಸ್ಟಿನ ಧಗೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು. ಆಡಿನ ಕಾಲು ಸೂಪ್ ಕುಡಿದರೆ ಮೂಳೆ ಬೆಳೆಯುತ್ತದೆ ಎಂದು ಊರಿನಿಂದ ನನ್ನ ಅತ್ತೆ ಹೇಳಿದರು. ನರ್ಸ್ ಆದ ನನಗೆ ಅದರ ಹಣೆಬರಹ ಗೊತ್ತಿತ್ತು, ಆದರೂ ತಾಯಿ ಎನ್ನುವವಳು ನರ್ಸ್ ಮಾತು ಎಲ್ಲಿ ಕೇಳುತ್ತಾಳೆ? ಮೆಣಸು ಜೀರಿಗೆ ಅರೆದು ಹಾಕಿ ಪ್ರತಿ ಬೆಳಿಗ್ಗೆ ಕುದಿಸಿದೆ. ವಾರ ವಾರ ಮಾರ್ಕೆಟಿನಿಂದ ಕಾಲು ತರುತ್ತಿದ್ದವರು ಲಿಯೋ. ತಾವೇ ಆರಿಸಿ, ಕೂದಲು ಸುಡಿಸಿ, ತುಂಡು ಮಾಡಿಸಿ ತರುತ್ತಿದ್ದರು. ಗಂಡನಿಗೆ ಮಗನ ಮೇಲೆ ಪ್ರೀತಿ ಇದೆಯಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ವರ್ಷ ಕಳೆಯಿತು. ಆಲ್ವಿನ್ ಆರಡಿ ಎರಡಿಂಚಿನಲ್ಲೇ ನಿಂತ. ಒಂದು ದಿನ ಸೂಪಿನ ಲೋಟವನ್ನು ಮೆಲ್ಲ ಪಕ್ಕಕ್ಕೆ ಸರಿಸಿ, "ಸಾಕು ಮಮ್ಮಿ. ಖಲಾಸ್" ಅಂದ. ಶೂಗಳನ್ನು ಕಟ್ಟಿ ಅಟ್ಟದ ಮೇಲಿಟ್ಟ. ಜೆರಾಲ್ಡ್ ಬಾಬ್ ಅವರದ್ದೇ ಗೋಡೌನ್ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿದೆ, ಅಲ್ಲಿ ಸ್ಟೋರ್ ಕೆಲಸಕ್ಕೆ ಸೇರಿದ. ಎತ್ತರದ ರ್‍ಯಾಕಿನಿಂದ ಸಾಮಾನು ಇಳಿಸಲು ಅವನಿಗೆ ಏಣಿ ಬೇಕಾಗುವುದಿಲ್ಲವಂತೆ. ಜೆರಾಲ್ಡ್ ಬಾಬ್ ಇದನ್ನು ಸಿಕ್ಕವರಿಗೆಲ್ಲ ಹೊಗಳಿ ಹೇಳುತ್ತಿದ್ದರು.

ಅತ್ತ ರೋಕಾಸ್ ಏಣಿಯಿಲ್ಲದೆ ಏರಿದ. ಕಿರಿಯರ ತಂಡದಿಂದ ಆರು ತಿಂಗಳಲ್ಲಿ ಹಿರಿಯರ ತಂಡಕ್ಕೆ, ಅಲ್ಲಿಂದ ಯುರೋಪಿನ ಅಂಗಳಗಳಿಗೆ, ಟಿವಿಗೆ, ಈಗ ಅಮೆರಿಕಕ್ಕೆ. ಡ್ರಾಫ್ಟಿನ ವಿಡಿಯೋ ನಾನೂ ನೋಡಿದೆ. ಎಂಟು ಹೆಸರು ಕರೆಯುವವರೆಗೆ ಅವನು ಬೆರಳು ಕಚ್ಚುತ್ತ ಕೂತಿದ್ದ, ಪಕ್ಕದಲ್ಲಿ ಅವನ ಅಮ್ಮ. ಬಿಟ್ಟವರು ಯಾರು, ಹಿಡಿದವರು ಯಾರು ಎಂದು ಜಗತ್ತಿಗೇ ಕಾಣುತ್ತಿತ್ತು.

ಜೆರಾಲ್ಡ್ ಬಾಬ್ ಸುಮ್ಮನಿರುತ್ತಾರೆಯೇ? ಆಗಸ್ಟ್ ಕೊನೆಗೆ ರೋಕಾಸ್ ಸಾಮಾನು ಕಟ್ಟಲು ದುಬೈಗೆ ಬರುವವನಿದ್ದ, ಆಗಲೇ ಸಂಘದಿಂದ ಸನ್ಮಾನ ಎಂದು ತೀರ್ಮಾನವಾಯಿತು. ನಾನು ರಜೆಗೆ ಮಂಗಳೂರಿಗೆ ಹೊರಟಾಗ ಅವರೇ ಹೇಳಿದರು, "ಬರುವಾಗ ಶಾಲು, ಪೇಟ ತನ್ನಿ ಎವ್ಲಿನ್‌ಬಾಯಿ. ಶಾಲು ಒಂದು ಹೆಚ್ಚಿಗೆ ಇರಲಿ." ನಮ್ಮ ಸನ್ಮಾನಗಳಲ್ಲಿ ಯಾವಾಗಲೂ ಒಂದು ಶಾಲು ಹೆಚ್ಚಿಗೆ ಇರುತ್ತದೆ. ಕಡೇ ಗಳಿಗೆಯಲ್ಲಿ ಯಾರಾದರೂ ದೊಡ್ಡವರು ಬಂದು ಮುಂದಿನ ಸಾಲಲ್ಲಿ ಕೂತರೆ ಬರಿಗೈಯಲ್ಲಿ ಕಳಿಸುವಂತಿಲ್ಲ ನೋಡಿ.

ನನಗೂ ನನ್ನದೇ ಲೆಕ್ಕಾಚಾರವಿತ್ತು. ಅದೇ ಕ್ಲಬ್ಬಿನವರು ಈ ಬಾರಿ ಇಲ್ಲೇ ಬೆಳೆದ ಹುಡುಗರಿಗೆ ಟ್ರಯಲ್ಸ್ ಇಟ್ಟಿದ್ದರು. ರೋಕಾಸ್‌ಗೆ ಮೆಸೇಜ್ ಹಾಕಿದೆ. "ಖಂಡಿತ ಮಾತಾಡುತ್ತೇನೆ ಆಂಟಿ, ಆಲ್ವಿನ್ ಬರಲಿ ಸಾಕು" ಎಂದು ಉತ್ತರ ಬಂತು. ಆಲ್ವಿನ್ ಒಪ್ಪಲು ಹದಿನೈದು ದಿನ ಹಿಡಿಯಿತು. ಕೊನೆಗೆ ಒಂದು ಸಂಜೆ ಅಟ್ಟದ ಮೇಲಿನ ಶೂ ಇಳಿಸಿ ಒರೆಸಿದ. ನಾನು ಅಡುಗೆಮನೆಗೆ ಹೋಗಿ ಶಿಲುಬೆಯ ಗುರುತು ಮಾಡಿಕೊಂಡೆ. ನನಗೆ ಬೇಕಾದದ್ದು ಅಷ್ಟೇ ಇತ್ತು, ಮಗ ಮತ್ತೆ ಚೆಂಡು ಹಿಡಿಯಬೇಕು. ಅಮೆರಿಕ ಯಾರಿಗೆ ಬೇಕು?

ಸನ್ಮಾನದ ದಿನ ಹಾಲ್ ತುಂಬಿತ್ತು. ಆಲ್ವಿನ್‌ಗೆ ಹರಿವಾಣ ಹಿಡಿಯುವ ಕೆಲಸ ಕೊಟ್ಟಿದ್ದರು. ರೋಕಾಸ್‌ನನ್ನು ಕುರ್ಚಿಯಲ್ಲಿ ಕೂರಿಸಿದರು. ಕೂತರೂ ಅವನು ಜೆರಾಲ್ಡ್ ಬಾಬ್ ಭುಜಕ್ಕೆ ಬರುತ್ತಿದ್ದ. ಶಾಲು ಹೊದಿಸಿದರು, ಹಾರ ಹಾಕಿದರು, ನಾನು ತಂದ ಪೇಟ ಅವನ ತಲೆಗೆ ಕೂರದೆ ಪಕ್ಕಕ್ಕೆ ವಾಲಿತು. ಆಲ್ವಿನ್ ನಗುತ್ತ ಅದನ್ನು ಸರಿಮಾಡಿದ. ಹಣ್ಣಿನ ಬುಟ್ಟಿ ಕೊಟ್ಟು, ಕಿವಿಯಲ್ಲಿ ಏನೋ ಹೇಳಿ ಇಬ್ಬರೂ ನಕ್ಕರು. ಎರಡು ವರ್ಷದಲ್ಲಿ ನನ್ನ ಮಗ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ರೋಕಾಸ್ ಮೈಕ್ ಹಿಡಿದ. ಇಂಗ್ಲಿಷಿನಲ್ಲಿ, ನಿಧಾನವಾಗಿ ಮಾತಾಡಿದ. ಎವ್ಲಿನ್ ಆಂಟಿಯ ಮೀನಿಗೆ ಮೊದಲ ಥ್ಯಾಂಕ್ಸ್. ಜನ ನಕ್ಕರು.

"ಒಂದು ವಿಷಯ ನನಗೂ ಗೊತ್ತಿರಲಿಲ್ಲ" ಅಂದ. "ಡ್ರಾಫ್ಟ್ ಆದ ಮೇಲೆ ನಮ್ಮ ಮ್ಯಾನೇಜರ್ ಹೇಳಿದರು. ಆವತ್ತು ಅವರು ಕೋಚ್ ಲಿಯೋಗೆ ಹೇಳಿದ್ದರಂತೆ, ಇಬ್ಬರೂ ಹುಡುಗರು ನಮಗೆ ಒಪ್ಪಿಗೆ, ಜಾಗ ಒಂದೇ, ನೀವು ಯಾರ ಹೆಸರು ಹೇಳುತ್ತೀರೋ ಅವನನ್ನು ತೆಗೆದುಕೊಳ್ಳುತ್ತೇವೆ. ಕೋಚ್ ನನ್ನ ಹೆಸರು ಹೇಳಿದರು. ಇನ್ನೊಂದು ಹೆಸರು ಅವರ ಸ್ವಂತ ಮಗನದ್ದು. ಅಮೆರಿಕದಲ್ಲಿ ನನ್ನನ್ನು ಆರಿಸಿದ್ದು ಒಂಬತ್ತನೆಯ ತಂಡ. ಮೊದಲು ಆರಿಸಿದ್ದು ಕೋಚ್. ಮತ್ತು ನನ್ನ ಬ್ರದರ್ ಆಲ್ವಿನ್ ಒಂದು ದಿನವೂ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ."

ಚಪ್ಪಾಳೆ ಅಂದರೆ ಅಂಥ ಚಪ್ಪಾಳೆ. ಜನ ಎದ್ದು ನಿಂತರು. ಕಣ್ಣೊರೆಸಿಕೊಂಡವರೂ ಇದ್ದರು. ಆಲ್ವಿನ್ ಖಾಲಿ ಹರಿವಾಣ ಹಿಡಿದು ಅಲ್ಲೇ ನಿಂತಿದ್ದ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಎರಡು ಇಂಚು ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದೆ. ಅರ್ಥವಾದಾಗ ಪಕ್ಕಕ್ಕೆ ತಿರುಗಿದೆ. ಲಿಯೋ ನೆಲ ನೋಡುತ್ತಿದ್ದರು.

ಜೆರಾಲ್ಡ್ ಬಾಬ್ ಮೈಕ್ ಕಸಿದುಕೊಂಡರು. "ಇಂಥ ನಿಷ್ಪಕ್ಷಪಾತಿ ಗುರು ಎಲ್ಲಿ ಸಿಗ್ತಾರೆ ಹೇಳಿ! ಸ್ವಂತ ಮಗನನ್ನು ಬಿಟ್ಟು! ಲಿಯೋ ಬನ್ನಿ, ದಂಪತಿ ಸಮೇತ ಬನ್ನಿ! ಆ ಇನ್ನೊಂದು ಶಾಲು ಎಲ್ಲುಂಟು? ಆಲ್ವಿನ್, ನೀನೇ ಹಾಕು ಮಗಾ, ನಿನ್ನ ಕೈಯಿಂದಲೇ ಆಗ್ಬೇಕು!"

ಪರ್ಮನೆಂಟ್ ವೀಸಾ ಎಂದು ನಕ್ಕ ಬಾಯಿ ಅದೇ. ನನ್ನನ್ನು ಯಾರೋ ಎಬ್ಬಿಸಿ ನೂಕಿದರು. ಎರಡು ಕುರ್ಚಿ ಹಾಕಿದರು. ನಾವು ಕೂತೆವು. ನಾನೇ ಆರಿಸಿ, ಚೌಕಾಶಿ ಮಾಡಿ, ಬ್ಯಾಗಿನಲ್ಲಿಟ್ಟು ತಂದ ಶಾಲನ್ನು ಆಲ್ವಿನ್ ಬಿಡಿಸಿ ಅಪ್ಪನ ಹೆಗಲಿಗೆ ಹೊದಿಸಿದ.

"ಒಂದು ನಿಮಿಷ, ಒಂದು ನಿಮಿಷ!" ಫೋಟೋದವನು ಕೂಗಿದ. "ಫ್ಲ್ಯಾಶ್ ಆಗ್ಲಿಲ್ಲ. ಇನ್ನೊಮ್ಮೆ ಹಾಕಿ. ಎಲ್ಲ ಈ ಕಡೆ ನೋಡಿ."

ಆಲ್ವಿನ್ ಶಾಲು ತೆಗೆದ. ಮತ್ತೆ ಬಿಡಿಸಿದ. ಎರಡನೇ ಸಲ ಹೊದಿಸಲು ಬಗ್ಗಿದಾಗ, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಕೇಳಿದ, "ಡ್ಯಾಡಿ, ಸೂಪಿಗೆ ಆಡಿನ ಕಾಲು ನೀವೇ ತರ್ತಾ ಇದ್ರಲ್ಲ? ಪ್ರತಿ ವಾರ?"

ಲಿಯೋ ಕ್ಯಾಮೆರಾ ನೋಡಿದರು. ಫ್ಲ್ಯಾಶ್ ಬಿತ್ತು. ಫೋಟೋ ಚೆನ್ನಾಗಿ ಬಂದಿದೆ, ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಈಗಲೂ ಇದೆ. ಮೂವರೂ ನಗುತ್ತಿರುವ ಹಾಗೆ ಕಾಣುತ್ತದೆ.

ಊಟದ ಸಾಲಿನ ಹತ್ತಿರ ರೋಕಾಸ್ ಆಲ್ವಿನ್‌ನ ಹೆಗಲು ಹಿಡಿದು ಟ್ರಯಲ್ಸ್ ವಿಷಯ ತೆಗೆದ. ಮ್ಯಾನೇಜರ್ ಹತ್ತಿರ ಮಾತಾಡಿಯಾಗಿದೆ, ಸೋಮವಾರ ಬಂದರೆ ಸಾಕು ಎಂದ.

"ಬೇಡ ಬ್ರೋ" ಅಂದ ಆಲ್ವಿನ್. "ಐ ಆಮ್ ಟೂ ಶಾರ್ಟ್."

"ಯಾರು ಹೇಳಿದ್ದು?" ಎಂದು ರೋಕಾಸ್ ನಿಜವಾಗಿ ಕೇಳಿದ. ಪಾಪ, ಅವನಿಗೆ ಏನು ಗೊತ್ತು. ಆಲ್ವಿನ್ ಅವನನ್ನು ಒಮ್ಮೆ ಅಪ್ಪಿಕೊಂಡು ಗೋಡೌನಿನ ಹುಡುಗರ ವ್ಯಾನ್ ಹತ್ತಿದ. ನಾನು ಬಾಗಿಲವರೆಗೆ ಓಡಿದೆ. "ಊಟ ಆದ್ರೂ ಮಾಡಿ ಹೋಗು ಪುತಾ" ಅಂದೆ. "ಮಮ್ಮಿ, ಆ ಶೂ ಯಾರಿಗಾದ್ರೂ ಕೊಟ್ಬಿಡಿ" ಅಂದ. ಅಷ್ಟೇ.

ಕಾರಿನಲ್ಲಿ ಲಿಯೋ ಬಹಳ ಹೊತ್ತು ಕೀ ತಿರುಗಿಸದೆ ಕೂತರು. ಶಾಲು ಇನ್ನೂ ಮೈಮೇಲೆ ಇತ್ತು.

"ಒಂದು ಕೇಳ್ತೇನೆ" ಅಂದೆ ನಾನು. "ರೋಕಾಸ್ ಹೆಚ್ಚು ಒಳ್ಳೆಯ ಆಟಗಾರ ಅಂತ ಅವನ ಹೆಸರು ಹೇಳಿದ್ರಾ? ಹಾಗಾದ್ರೆ ನಾನು ಬಾಯಿ ಮುಚ್ತೇನೆ. ಕೋಚ್ ಮಾಡುವ ಕೆಲಸ ಅದು."

ಅವರು ಸ್ಟೇರಿಂಗ್ ಹಿಡಿದುಕೊಂಡರು. ಸುಳ್ಳು ಹೇಳಬಹುದಿತ್ತು. ಎರಡು ವರ್ಷ ಹೇಳಿದವರಿಗೆ ಇನ್ನೊಂದು ಕಷ್ಟವಾಗುತ್ತಿರಲಿಲ್ಲ.

"ಆವತ್ತಿಗೆ ಆಲ್ವಿನ್ನೇ ಸ್ವಲ್ಪ ಮೇಲಿದ್ದ" ಅಂದರು. "ಆದ್ರೆ ನನ್ನ ಬಾಯಿಂದ ನನ್ನ ಮಗನ ಹೆಸರು ಹೇಗೆ ಹೇಳುದು ಎವ್ಲಿನ್? ಜನ ಎಂತ ಹೇಳ್ತಿದ್ರು?"

ಗಾಜಿನಾಚೆ ಆ ಜನ ಹೊರಗೆ ಬರುತ್ತಿದ್ದರು, ಬಿರಿಯಾನಿ ತಿಂದು ಹಲ್ಲಿಗೆ ಕಡ್ಡಿ ಹಾಕುತ್ತ. ಒಂದಿಬ್ಬರು ನಮ್ಮ ಕಾರು ಗುರುತಿಸಿ ಕೈ ಎತ್ತಿ ಮುಗಿದರು. ಲಿಯೋ ಅಭ್ಯಾಸದಂತೆ ತಲೆ ಬಾಗಿಸಿದರು.

"ಜನ ಒಳ್ಳೆಯದೇ ಹೇಳಿದ್ರಲ್ಲ" ಅಂದೆ. "ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಇನ್ನು ನಿಮಗೆ ಕೈಲಾಗದ ಕಾಲಕ್ಕೆ ಬಾಯಿಗೆ ನೀರು ಬಿಡ್ಲಿಕ್ಕೂ ಅವರನ್ನೇ ಕರೀರಿ."

ಲಿಯೋ ಶಾಲು ತೆಗೆಯಲು ಹೋದರು. ಅದರ ಅಂಚು ಸೀಟ್ ಬೆಲ್ಟಿಗೆ ಸಿಕ್ಕಿಕೊಂಡಿತ್ತು, ಎಳೆದರೆ ಕುತ್ತಿಗೆಗೆ ಬಿಗಿಯುತ್ತಿತ್ತು. ಮೊದಲಾಗಿದ್ದರೆ ನಾನೇ ಬಗ್ಗಿ ಬಿಡಿಸಿಕೊಡುತ್ತಿದ್ದೆ. ಆ ದಿನ ನಾನು ಕೈ ಚಾಚಲಿಲ್ಲ.